ಹಿಂದೆ ಗೋಡೆ ಇದೆ

ಅಪ್ಪನ ಫೋಟೋ ಸ್ಟುಡಿಯೋ ಖಾಲಿ ಮಾಡಿ ಒಂದು ತಿಂಗಳಾಯಿತು. ಅರಸೀಕೆರೆಯಲ್ಲಿ, ರೈಲ್ವೆ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಸಿಗುವ ಮಳಿಗೆ. ಹತ್ತಡಿ ಅಗಲ, ಹದಿನಾಲ್ಕಡಿ ಉದ್ದ. ಕೆಂಪು ಗಾರೆ ನೆಲ, ಮುಂದೆ ರೋಲಿಂಗ್ ಶಟರ್, ಒಂದು ಮೆಟ್ಟಿಲು, ಆಮೇಲೆ ಫುಟ್‌ಪಾತ್. ಫಿಲ್ಮ್ ತೊಳೆಯುವ ಡಾರ್ಕ್ ರೂಮಿಗೆ ಅಲ್ಲಿ ಜಾಗವೇ ಇರಲಿಲ್ಲ. ಮನೆಯ ಬಚ್ಚಲೇ ಡಾರ್ಕ್ ರೂಮ್. ಮದುವೆ ಸೀಸನ್ನಿನಲ್ಲಿ ನಮಗೆಲ್ಲ ಸ್ನಾನ ಮಧ್ಯಾಹ್ನದ ಮೇಲೆ.

ಸಾಮಾನೆಲ್ಲ ಸಾಗಿಸಿದ ಮೇಲೆ ಮಳಿಗೆ ಮಾಲೀಕರು ಬಂದರು. "ಹೆಂಗೂ ನೀನು ಮನೆ ಫೋಟೋ ತೆಗೀತೀಯಲ್ಲಮ್ಮ, ಬಾಡಿಗೆಗೆ ಹಾಕೋಕೆ ಇದರದ್ದೂ ಎರಡು ತೆಗೆದುಕೊಡು" ಅಂದರು. ಹತ್ತು ನಿಮಿಷದ ಕೆಲಸ ಅಂದುಕೊಂಡು ಸರಿ ಅಂದೆ. ಎರಡು ದಿನ ಹಿಡಿಯಿತು.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಬಾಡಿಗೆ, ಲೀಸು, ಮಾರಾಟ, ಹೋಮ್‌ಸ್ಟೇ ಮನೆಗಳ ಫೋಟೋ ತೆಗೆಯುವುದು. ಬಾಯಿಬಿಟ್ಟು ಹೇಳದಿದ್ದರೂ ಕೊಡುವ ದುಡ್ಡೆಲ್ಲ ಒಂದೇ ಕಾರಣಕ್ಕೆ: ಮನೆ ಇರುವುದಕ್ಕಿಂತ ಸ್ವಲ್ಪ ದೊಡ್ಡದಾಗಿ ಕಾಣಬೇಕು. ಹನ್ನೊಂದು ಚದರದ ಮನೆ ಹದಿನೈದು ಚದರ ಅನ್ನಿಸಬೇಕು. ಬ್ರೋಕರ್‌ಗಳಿಗೆ ಇದರಲ್ಲಿ ನಾಚಿಕೆಯೇನಿಲ್ಲ. "ಮೇಡಂ, ಆ ಅಗಲದ ಲೆನ್ಸ್ ಹಾಕಿ" ಅಂತ ಅವರೇ ಹೇಳುತ್ತಾರೆ.

ಆ ಅಗಲದ ಲೆನ್ಸ್ ಅಂದರೆ 16 ಎಂಎಂ. ಒಂದೇ ಕ್ಯಾಮೆರಾದಲ್ಲಿ ಈ ನಂಬರ್ ಕಮ್ಮಿಯಾದಷ್ಟೂ ಲೆನ್ಸಿಗೆ ಕಾಣುವ ಅಗಲ ಜಾಸ್ತಿ. ರೂಮಿನ ಮೂಲೆಗೆ ಬೆನ್ನು ಒತ್ತಿಕೊಂಡು ನಿಂತರೆ ಎದುರಿನ ಎರಡು ಗೋಡೆ, ಪಕ್ಕದ ಕಿಟಕಿ, ಮೇಲಿನ ಫ್ಯಾನು, ಎಲ್ಲ ಒಂದೇ ಚಿತ್ರದಲ್ಲಿ ಕೂರುತ್ತವೆ. ಹತ್ತು ಹತ್ತರ ಬೆಡ್‌ರೂಮ್ ಹಾಲ್ ಥರ ಕಾಣುತ್ತದೆ. ಚಿತ್ರದ ಅಂಚಿಗೆ ಬಂದ ಫ್ರಿಜ್ ಮಾತ್ರ ಬೀರುವಿನಷ್ಟು ಅಗಲವಾಗುತ್ತದೆ. ಅದನ್ನು ಯಾರೂ ಗಮನಿಸಲ್ಲ.

ಗಮನಿಸಲ್ಲ ಅಂದುಕೊಂಡಿದ್ದೆ. ಎರಡು ವರ್ಷದ ಹಿಂದೆ ಒಂದು ಮನೆಯ ಮಹಡಿ ಫೋಟೋ ತೆಗೆಯಲು ಹೋಗಿದ್ದೆ. ಅದೇ ಮನೆಯ ಕೆಳಗಿನ ಭಾಗದ ಫೋಟೋ ಹಿಂದಿನ ತಿಂಗಳು ನಾನೇ ತೆಗೆದಿದ್ದು. ಅವತ್ತೇ ಕೆಳಗಿನ ಮನೆಗೆ ಹೊಸಬರು ಬಂದಿಳಿದಿದ್ದರು. ಬೆಂಗಳೂರಿನಿಂದ ಲಾರಿಯಲ್ಲಿ ಸಾಮಾನು, ಹಿಂದೆಯೇ ಗಂಡ, ಹೆಂಡತಿ, ಅತ್ತೆ. ಫೋಟೋ ನೋಡಿಯೇ ಅಡ್ವಾನ್ಸ್ ಕಟ್ಟಿದ್ದರಂತೆ. ಡಬಲ್ ಕಾಟ್ ಬೆಡ್‌ರೂಮಿನೊಳಗೆ ಹೋಯಿತು. ಬೀರು ಹೋಗಲಿಲ್ಲ. ಹಿಡಿಸಿದರೆ ಬಾಗಿಲು ತೆಗೆಯಲು ಆಗುತ್ತಿರಲಿಲ್ಲ. ಆ ಹೆಂಗಸು ಮೊಬೈಲಿನಲ್ಲಿ ನಾನು ತೆಗೆದಿದ್ದ ಫೋಟೋ ತೆರೆದು, ಒಮ್ಮೆ ಅದನ್ನು ಒಮ್ಮೆ ರೂಮನ್ನು ನೋಡುತ್ತಾ, "ಇದರಲ್ಲಿ ಬೀರು ಇಟ್ಟು ಇನ್ನೂ ಜಾಗ ಮಿಕ್ಕೋ ಹಾಗಿತ್ತಲ್ರೀ" ಅಂದರು. ಯಾರಿಗೂ ಬೈದಿದ್ದಲ್ಲ, ಸುಮ್ನೆ ಹೇಳಿದ್ದು. ಕುತ್ತಿಗೆಯಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ನಾನು ಅಲ್ಲೇ ನಿಂತಿದ್ದೆ. ಮಹಡಿ ಹತ್ತಿಬಿಟ್ಟೆ.

ಅವತ್ತು ರಾತ್ರಿ ಆ ಫೋಟೋವನ್ನು ಮತ್ತೆ ತೆರೆದು ನೋಡಿದೆ. ನಾನು ಏನನ್ನೂ ಅಳಿಸಿಲ್ಲ, ಸೇರಿಸಿಲ್ಲ. ಹಾಗಾದರೆ ಜಾಗ ಎಲ್ಲಿಂದ ಬಂತು? ಆ ಮನೆಯಲ್ಲಿ ಮಾಲೀಕರ ಹಳೇ ಮಂಚ ಇತ್ತು. ಮಂಚದ ಈಚೆ ತುದಿ ಕ್ಯಾಮೆರಾದಿಂದ ಎರಡಡಿ. ಆಚೆ ತುದಿ ಎಂಟಡಿ. ಅಂದರೆ ನಾಲ್ಕು ಪಟ್ಟು ದೂರ. ಹಾಗಾಗಿ ಆಚೆ ತುದಿ ಈಚೆ ತುದಿಯ ಕಾಲು ಭಾಗದಷ್ಟು ಅಗಲವಾಗಿ ಮಾತ್ರ ಕಾಣುತ್ತದೆ. ಇಷ್ಟು ಚಿಕ್ಕದಾಗಬೇಕಾದರೆ ಅದು ತುಂಬಾ ದೂರ ಇರಬೇಕು ಅಂತ ಕಣ್ಣು ಲೆಕ್ಕ ಹಾಕಿಬಿಡುತ್ತದೆ. ಅದೇ ಮಂಚವನ್ನು ಇನ್ನೂ ಹತ್ತಡಿ ಹಿಂದೆ ಸರಿದು ನೋಡಿ. ಈಚೆ ತುದಿ ಹನ್ನೆರಡಡಿ, ಆಚೆ ತುದಿ ಹದಿನೆಂಟು. ಬರೀ ಒಂದೂವರೆ ಪಟ್ಟು. ಮಂಚ ಮಂಚದ ಹಾಗೇ ಕಾಣುತ್ತದೆ.

ಅಂದರೆ ಮೋಸ ಲೆನ್ಸಿನದ್ದಲ್ಲ. ನಾನು ನಿಂತ ಜಾಗದ್ದು. ಅಷ್ಟು ಹತ್ತಿರ ನಿಂತರೂ ಎಲ್ಲ ಹಿಡಿಸುವಂತೆ ಮಾಡಿಕೊಟ್ಟಿದ್ದಷ್ಟೇ ಲೆನ್ಸಿನ ಕೆಲಸ. ಇದನ್ನು ಮೊಬೈಲಿನಲ್ಲೇ ನೋಡಬಹುದು. ಒಂದೇ ಜಾಗದಲ್ಲಿ ನಿಂತು ಒಂದು ಫೋಟೋ 0.5ರಲ್ಲಿ, ಇನ್ನೊಂದು ಮಾಮೂಲಿ 1ರಲ್ಲಿ ತೆಗೆಯಿರಿ. ಮೊದಲನೆಯದನ್ನು ಎರಡನೆಯದರಷ್ಟಕ್ಕೆ ಕತ್ತರಿಸಿ ಪಕ್ಕದಲ್ಲಿಡಿ. ಸ್ಪಷ್ಟತೆ ಕಮ್ಮಿಯಾಗಿರುತ್ತದೆ ಅನ್ನೋದು ಬಿಟ್ಟರೆ ಯಾವುದರ ಹಿಂದೆ ಯಾವುದು ಎಷ್ಟು ದೊಡ್ಡದು ಅನ್ನುವುದರಲ್ಲಿ ಹೆಚ್ಚುಕಮ್ಮಿ ವ್ಯತ್ಯಾಸವೇ ಇರಲ್ಲ. ಫೋಟೋ ಕಲಿಯುವ ಹೊಸಬರು ಲೆನ್ಸ್ ಬಗ್ಗೆ ಕೇಳುವಷ್ಟು "ಎಲ್ಲಿ ನಿಲ್ಲಲಿ" ಅಂತ ಕೇಳಲ್ಲ. ಕೇಳಬೇಕಾದ್ದು ಅದನ್ನೇ.

ಅಪ್ಪನಿಗೆ ಈ ಪ್ರಶ್ನೆ ಇರಲೇ ಇಲ್ಲ, ಯಾಕೆಂದರೆ ನಿಲ್ಲೋಕೆ ಇದ್ದಿದ್ದೇ ಒಂದು ಜಾಗ.

ಅವರ ಕ್ಯಾಮೆರಾ ಯಾಶಿಕಾ ಮ್ಯಾಟ್. ಎರಡು ಕಣ್ಣಿನದು, ಒಂದು ನೋಡೋಕೆ, ಇನ್ನೊಂದು ಫೋಟೋ ತೆಗೆಯೋಕೆ. ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರ. ಲೆನ್ಸ್ 80 ಎಂಎಂ, ಬದಲಾಯಿಸೋ ಹಾಗಿಲ್ಲ. ಲೆಕ್ಕ ಹೀಗೆ: ಹದಿನಾಲ್ಕಡಿಯಲ್ಲಿ ಹಿಂದಿನ ಪರದೆಯ ಮೇಲೆ ನೆರಳು ಬೀಳಬಾರದು ಅಂತ ಜನರನ್ನು ಮೂರಡಿ ಮುಂದೆ ನಿಲ್ಲಿಸಬೇಕು. ಕ್ಯಾಮೆರಾ, ಸ್ಟ್ಯಾಂಡು, ಅದರ ಹಿಂದೆ ಅಪ್ಪ, ಅದಕ್ಕೆ ಒಂದೂವರೆ ಅಡಿ. ಉಳಿದಿದ್ದು ಒಂಬತ್ತೂವರೆ. ಅಷ್ಟು ದೂರದಿಂದ ಆ ಲೆನ್ಸಿಗೆ ಕಾಣುವುದು ಸುಮಾರು ಆರೂವರೆ ಅಡಿ ಅಗಲ. ಗಂಡ ಹೆಂಡತಿ ಮಧ್ಯೆ ಎರಡು ಮಕ್ಕಳು, ಅಲ್ಲಿಗೆ ಮುಗೀತು. ನಾಮಕರಣ ಮುಗಿಸಿಕೊಂಡು ಹತ್ತು ಹನ್ನೆರಡು ಜನ ಬಂದರೆ ಕ್ಯಾಮೆರಾ ಫುಟ್‌ಪಾತಿಗೆ ಇಳಿಯುತ್ತಿತ್ತು. ಅಂಥ ದಿನ ನನಗೂ ಡ್ಯೂಟಿ. ಕ್ಯಾಮೆರಾಕ್ಕೂ ಬಾಗಿಲಿಗೂ ಮಧ್ಯೆ ಯಾರೂ ನುಗ್ಗದ ಹಾಗೆ ಎರಡೂ ಕೈ ಚಾಚಿ ನಿಲ್ಲುವುದು. ಸೈಕಲ್‌ನವರು ಬೈಯುತ್ತಿದ್ದರು. ಅಪ್ಪ ಕ್ಯಾಮೆರಾದ ಮೇಲಿನ ಗಾಜಿಗೆ ತಲೆ ಬಗ್ಗಿಸಿ "ಒಂದ್ನಿಮಿಷ, ಒಂದ್ನಿಮಿಷ" ಅನ್ನುತ್ತಿದ್ದರು.

ಆ ಕ್ಯಾಮೆರಾವನ್ನು ಮೇಲಿನಿಂದ ಬಗ್ಗಿ ನೋಡಬೇಕು. ಹಾಗಾಗಿ ಅದು ಕಣ್ಣಿನ ಮಟ್ಟದಲ್ಲಿ ಇರಲ್ಲ, ಎದೆಯ ಕೆಳಗೆ, ಸುಮಾರು ನಾಲ್ಕಡಿ ಎತ್ತರದಲ್ಲಿ ಇರುತ್ತದೆ. ನಾನು ಮನೆಗಳ ಕೆಲಸಕ್ಕೆ ಇಳಿದ ಮೇಲೆ, ಒಳಾಂಗಣದ ಫೋಟೋಕ್ಕೆ ನಾಲ್ಕಡಿಯೇ ಒಳ್ಳೆ ಎತ್ತರ ಅಂತ ಎಷ್ಟೋ ಕಡೆ ಓದಿದೆ. ಕ್ಯಾಮೆರಾವನ್ನು ಬಗ್ಗಿಸದೆ, ಎತ್ತದೆ, ನೇರ ಇಟ್ಟರೆ ಗೋಡೆಯ ಮೂಲೆಗಳು ನೆಟ್ಟಗೆ ನಿಲ್ಲುತ್ತವೆ. ನಿಂತವರ ಕಣ್ಣಿನ ಮಟ್ಟದಿಂದ ಕೆಳಗೆ ಬಗ್ಗಿಸಿ ತೆಗೆದರೆ ಗೋಡೆಗಳು ಕೆಳಗೆ ಕಿರಿದಾಗಿ, ರೂಮು ಬಕೆಟ್ಟಿನ ಆಕಾರಕ್ಕೆ ಬರುತ್ತದೆ. ಅಪ್ಪನ ಚಿತ್ರಗಳಲ್ಲಿ ಅದು ಯಾವತ್ತೂ ಆಗಿಲ್ಲ. ಎಂಥ ಕುಳ್ಳರೂ ಅವುಗಳಲ್ಲಿ ಸ್ವಲ್ಪ ಗತ್ತಾಗಿ ಕಾಣುತ್ತಾರೆ.

ಇನ್ನು ಪರದೆ. ಅದರ ಬಗ್ಗೆ ಹೇಳದೆ ಹೋದರೆ ಅಪ್ಪನಿಗೆ ಅನ್ಯಾಯ.

ದಪ್ಪ ಬಟ್ಟೆಯ ಮೇಲೆ ಕೈಯಲ್ಲಿ ಬರೆಸಿದ್ದು. ಎಡಕ್ಕೆ ಒಂದು ಕಂಬ, ಅದರ ಪಕ್ಕದಿಂದ ಮೇಲೆ ಹತ್ತುವ ಮೆಟ್ಟಿಲು, ಕಟಕಟೆ, ಅದರಾಚೆ ತೋಟ, ಕೊಳ, ಎರಡು ತೆಂಗಿನ ಮರ, ದೂರದಲ್ಲಿ ನೀಲಿ ಬೆಟ್ಟ. ಬೆಟ್ಟವನ್ನು ಮಾತ್ರ ಯಾಕೆ ಅಷ್ಟು ಮಸುಕಾಗಿ ಬರೆದಿದ್ದಾರೆ ಅಂತ ಚಿಕ್ಕವಳಿದ್ದಾಗ ಕೇಳಿದ್ದೆ. "ದೂರ ಇದೆಯಲ್ಲ ಪುಟ್ಟಿ, ಮಧ್ಯ ಗಾಳಿ ಇದೆ" ಅಂದಿದ್ದರು. ಮಧ್ಯ ಇದ್ದಿದ್ದು ಬಟ್ಟೆ. ಆದರೆ ಸಕಲೇಶಪುರದ ಕಡೆ ಬೆಳಗ್ಗೆ ಹೋದವರಿಗೆ ಗೊತ್ತು, ಒಂದರ ಹಿಂದೆ ಒಂದು ಗುಡ್ಡ ಹೇಗೆ ತೆಳುವಾಗುತ್ತಾ ಹೋಗುತ್ತದೆ ಅಂತ. ಬರೆದವರು ಅದನ್ನು ಸರಿಯಾಗಿ ನೋಡಿದ್ದರು.

ಪರದೆಯಲ್ಲಿ ಬೆಳಕು ಎಡದಿಂದ ಬಿದ್ದ ಹಾಗೆ ಬರೆದಿತ್ತು. ಹಾಗಾಗಿ ಅಪ್ಪನ ದೊಡ್ಡ ಲೈಟೂ ಯಾವಾಗಲೂ ಎಡಕ್ಕೇ. ಬಲಕ್ಕಿಟ್ಟರೆ ಮನುಷ್ಯರ ನೆರಳು ಒಂದು ಕಡೆ, ಕಂಬದ ನೆರಳು ಇನ್ನೊಂದು ಕಡೆ. ಅಲ್ಲಿಗೆ ಆಟ ಮುಗೀತು. ಪರದೆಯ ಕೆಳಗಿನ ತುದಿಯನ್ನು ಗೋಡೆಗೆ ನಿಲ್ಲಿಸದೆ ನೆಲದ ಮೇಲೆ ಮುಂದಕ್ಕೆ ಎಳೆದು ಹಾಸುತ್ತಿದ್ದರು. ಗೋಡೆ ಮತ್ತು ನೆಲ ಸೇರುವ ಗೆರೆ ಕಾಣಬಾರದು ಅಂತ. ಇದಕ್ಕಿಂತ ಜಾಣತನ ಇನ್ನೊಂದರಲ್ಲಿತ್ತು. ಆ ಕಂಬವನ್ನು ಅವರು ಯಾವತ್ತೂ ಪೂರ್ತಿ ತೋರಿಸುತ್ತಿರಲಿಲ್ಲ. ಅರ್ಧ ಕಂಬ ಚಿತ್ರದ ಹೊರಗೆ ಹೋಗಬೇಕು. "ಪೂರ್ತಿ ಕಂಬ ತೋರಿಸಿದರೆ ಪರದೆ, ಅರ್ಧ ತೋರಿಸಿದರೆ ಅರಮನೆ" ಅನ್ನೋರು.

ಇದನ್ನು ನಾನು ದಿನಾ ಬಳಸುತ್ತೇನೆ. ಹಾಲಿನ ಫೋಟೋದಲ್ಲಿ ಸೋಫಾ, ಟೀಪಾಯಿ, ಟೀವಿ ಎಲ್ಲವನ್ನೂ ಅಚ್ಚುಕಟ್ಟಾಗಿ ಚೌಕಟ್ಟಿನ ಒಳಗೆ ಕೂರಿಸಿದರೆ ಮನೆ ಅಷ್ಟೇ ಅನ್ನಿಸುತ್ತದೆ. ಡಬ್ಬಿಯೊಳಗೆ ತುಂಬಿಟ್ಟ ಹಾಗೆ. ಒಂದು ಕುರ್ಚಿಯನ್ನು ಅಂಚಿನಲ್ಲಿ ಅರ್ಧ ಕತ್ತರಿಸಿ ಬಿಡಿ. ಮಿಕ್ಕ ಅರ್ಧ ಕುರ್ಚಿ ಇರುವ ಜಾಗವನ್ನು ನೋಡುವವರೇ ಕಟ್ಟಿಕೊಳ್ಳುತ್ತಾರೆ. ಅಡುಗೆಮನೆಯ ಬಾಗಿಲನ್ನು ಅರ್ಧ ತೆರೆದಿಟ್ಟರೂ ಹಾಗೇ. ಆಚೆ ಕಡೆ ಹಿತ್ತಲ ಬೆಳಕು ಒಂದು ಚೂರು ಕಂಡರೆ ಸಾಕು, ಮನೆ ಹಿಂದಕ್ಕೆ ಬೆಳೆಯುತ್ತದೆ. ಹಳೇ ತೊಟ್ಟಿಮನೆಗಳ ಫೋಟೋ ತೆಗೆಯಲು ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಪಡಸಾಲೆಯ ಕತ್ತಲಲ್ಲಿ ನಿಂತರೆ ಮೊದಲು ಕಂಬ, ಆಮೇಲೆ ತೊಟ್ಟಿಯ ಬಿಸಿಲು, ಅದರಾಚೆ ಮತ್ತೆ ಕತ್ತಲು, ಅದರೊಳಗೆ ಇನ್ನೊಂದು ಬಾಗಿಲು. ನಾವು ಏನೂ ಜೋಡಿಸಬೇಕಿಲ್ಲ, ಮನೆ ಕಟ್ಟಿದವರೇ ಜೋಡಿಸಿಟ್ಟಿದ್ದಾರೆ.

ಬೀರು ಪ್ರಸಂಗದ ಮೇಲೆ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಪ್ರತಿ ರೂಮಿನಲ್ಲೂ ಎಲ್ಲರಿಗೂ ಅಳತೆ ಗೊತ್ತಿರುವ ಒಂದು ವಸ್ತುವನ್ನು ಬಿಡುತ್ತೇನೆ. ಪ್ಲಾಸ್ಟಿಕ್ ಕುರ್ಚಿ, ಬಕೆಟ್ಟು, ಗ್ಯಾಸ್ ಸಿಲಿಂಡರ್, ಏನಾದರೂ. ಬ್ರೋಕರ್‌ಗಳಿಗೆ ಇದು ಸುತರಾಂ ಆಗಲ್ಲ. "ಆ ಬಕೆಟ್ ತೆಗೀರಿ ಮೇಡಂ, ಚೆನ್ನಾಗಿ ಕಾಣಲ್ಲ" ಅನ್ನುತ್ತಾರೆ. ಚೆನ್ನಾಗಿ ಕಾಣಲ್ಲ ಅನ್ನೋದಲ್ಲ ವಿಷಯ. ಬಕೆಟ್ ಇದ್ದರೆ ಬಚ್ಚಲು ಎಷ್ಟು ದೊಡ್ಡದು ಅಂತ ಗೊತ್ತಾಗಿಬಿಡುತ್ತದೆ.

ಇದರ ಉಲ್ಟಾ ಪಾಠ ಆಗಿದ್ದು ವಿಜಯಪುರದಲ್ಲಿ. ಗೋಳಗುಮ್ಮಟದ ಒಳಗೆ ಮೊದಲ ಸಲ ಕಾಲಿಟ್ಟಾಗ ನಾನು ಸುಮಾರು ಹೊತ್ತು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಒಳಗೆ ಒಂದೊಂದು ಬದಿಯೂ ಸುಮಾರು 135 ಅಡಿ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ನೂರಾ ಎಂಬತ್ತು ಚದರದ ಮೇಲಾಯಿತು, ನಡುವೆ ಒಂದೂ ಕಂಬ ಇಲ್ಲ. ಮೇಲೆ ಗುಮ್ಮಟ, ಹೊರಗಿನ ಅಳತೆಯಲ್ಲಿ 44 ಮೀಟರ್ ಅಗಲ. ಮೊಹಮ್ಮದ್ ಆದಿಲ್ ಶಾನ ಸಮಾಧಿ, 1656ರದು. ನಾನು ಅಭ್ಯಾಸಬಲದಿಂದ 16 ಎಂಎಂ ಹಾಕಿ, ಗೋಡೆಗೆ ಒರಗಿ, ಟಕ ಟಕ ಹೊಡೆದೆ. ಉಳಿದುಕೊಂಡಿದ್ದ ರೂಮಿಗೆ ಬಂದು ನೋಡಿದರೆ ಯಾವುದೋ ಊರಿನ ಕಲ್ಯಾಣ ಮಂಟಪ.

ಹತ್ತಡಿ ರೂಮನ್ನು ಹಿಗ್ಗಿಸಿದ ಲೆನ್ಸು ನಿಜವಾಗಲೂ ದೊಡ್ಡದಾದ ಜಾಗವನ್ನು ಕುಗ್ಗಿಸಿಬಿಟ್ಟಿತ್ತು. ಎದುರಿನ ಗೋಡೆ ದೂರ ಹೋಗಿ ಚಿಕ್ಕದಾಗಿತ್ತು. ಹತ್ತಿರದಲ್ಲಿ ಬರೀ ಖಾಲಿ ನೆಲ. ಕಣ್ಣಿಗೆ ಹಿಡಿದುಕೊಳ್ಳಲು ಒಂದು ಬಕೆಟ್ಟೂ ಇಲ್ಲ. ಮರುದಿನ ಬೆಳಗ್ಗೆ ಬಾಗಿಲು ತೆರೆಯುತ್ತಲೇ ಹೋದೆ. 50 ಎಂಎಂ ಹಾಕಿ, ಒಂದು ಬದಿಯ ಗೋಡೆಯ ಹತ್ತಿರ ನಿಂತು, ಎಲ್ಲವನ್ನೂ ಹಿಡಿಯುವ ಆಸೆ ಬಿಟ್ಟೆ. ಗುಮ್ಮಟ ಬೇಡ ಅಂತ ಬಿಟ್ಟೆ. ನಡುವಿನ ಕಟ್ಟೆಯ ಪಕ್ಕ ಒಬ್ಬರು ಕಸ ಗುಡಿಸುತ್ತಿದ್ದರು. ಅವರು ಚಿತ್ರದಲ್ಲಿ ನನ್ನ ಕಿರುಬೆರಳ ಉಗುರಿನಷ್ಟು. ಅವರ ಹಿಂದೆ ಗೋಡೆ ಮೇಲಕ್ಕೆ ಹೋಗುತ್ತಾ ಹೋಗುತ್ತಾ ಚಿತ್ರ ದಾಟಿ ಹೊರಗೆ ಹೋಗಿತ್ತು. ಆ ಫೋಟೋ ನೋಡಿದವರೆಲ್ಲ ಮೊದಲು ಕೇಳುವುದು "ಎಷ್ಟು ಎತ್ತರ ಇದೆ ಇದು?" ಅಂತ. ಗುಮ್ಮಟದ ಬುಡದ ಸುತ್ತ ಇರುವ ಪಿಸುಮಾತಿನ ಗ್ಯಾಲರಿಯೇ ಸುಮಾರು 33 ಮೀಟರ್ ಮೇಲಿದೆ. ಆ ಚಿತ್ರದಲ್ಲಿ ಅದು ಕಾಣಿಸುವುದೂ ಇಲ್ಲ.

ದೂರದಿಂದ ಟೆಲಿ ಲೆನ್ಸಿನಲ್ಲಿ, ಅಂದರೆ ದೂರದ್ದನ್ನು ಹತ್ತಿರ ತೋರಿಸುವ ಉದ್ದ ಲೆನ್ಸಿನಲ್ಲಿ, ತೆಗೆದರೆ ಇನ್ನೊಂದು ಥರದ ಎಡವಟ್ಟು. 2020ರ ಏಪ್ರಿಲ್‌ನಲ್ಲಿ, ಕೊರೋನಾ ಜೋರಾಗಿದ್ದಾಗ, ಡೆನ್ಮಾರ್ಕಿನ ಇಬ್ಬರು ಸುದ್ದಿ ಫೋಟೋಗ್ರಾಫರ್‌ಗಳು ಕೋಪನ್‌ಹೇಗನ್‌ನಲ್ಲಿ ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ಅದೇ ಜನ, ಅದೇ ಜಾಗ. ದೂರದಿಂದ ಟೆಲಿ ಲೆನ್ಸಿನಲ್ಲಿ ತೆಗೆದರೆ ಮೈಗೆ ಮೈ ತಾಗಿಸಿಕೊಂಡು ನಿಂತ ಹಾಗೆ. ಹತ್ತಿರದಿಂದ ಅಗಲ ಲೆನ್ಸಿನಲ್ಲಿ ತೆಗೆದರೆ ಎಲ್ಲರೂ ಶಿಸ್ತಾಗಿ ಅಂತರ ಬಿಟ್ಟವರೇ. ನಾನು ಆಗ ಮನೆಯಲ್ಲಿ ಕೂತು ಇದನ್ನು ನೋಡಿ, ನಮ್ಮ ಮಾರ್ಕೆಟ್ಟಿನ ಫೋಟೋಗಳಿಗೆ ಎಷ್ಟು ಜನ ಉಗಿದಿದ್ದಾರಪ್ಪಾ ಅಂದುಕೊಂಡೆ. ನಾನೂ ಉಗಿದಿದ್ದೆ.

ನಿಂತ ಜಾಗದ ಬೆಲೆ ಗೊತ್ತಾಗಬೇಕಾದರೆ ಹಂಪಿಯ ಗ್ರೀನ್‌ಲಾ ಚಿತ್ರಗಳನ್ನು ನೋಡಬೇಕು. ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಸೇನಾಧಿಕಾರಿ 1856ರಲ್ಲಿ ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದಿಟ್ಟ. ಸುಮಾರು ನೂರಾ ಇಪ್ಪತ್ತೇಳು ವರ್ಷ ಆದಮೇಲೆ, 1983ರಲ್ಲಿ, ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗೋಲಿಂಗ್ಸ್ ಅವವೇ ಜಾಗಗಳನ್ನು ಹುಡುಕಿ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವಾಗ ನನಗೆ ದೇವಸ್ಥಾನಗಳಿಗಿಂತ ಆ ಹುಡುಕಾಟದ ಮೇಲೇ ಜಾಸ್ತಿ ಗಮನ. ಎರಡಡಿ ಆಚೀಚೆ ನಿಂತರೂ ಮುಂದಿನ ಕಂಬ ಹಿಂದಿನ ಬಂಡೆಯನ್ನು ಬೇರೆ ಕಡೆ ಕತ್ತರಿಸುತ್ತದೆ. ಎಷ್ಟು ಸಲ ಹೆಜ್ಜೆ ಬದಲಿಸಿ ನಿಂತಿರಬೇಕು ಅಲ್ವಾ ಆ ಬಿಸಿಲಲ್ಲಿ.

ಸರಿ, ಮಳಿಗೆಗೆ ವಾಪಸ್ ಬರುತ್ತೇನೆ.

ಮೊದಲ ದಿನ ಮಾಲೀಕರಿಗೆ ಬೇಕಾದ್ದನ್ನು ತೆಗೆದೆ. ಒಳಗಿನ ಮೂಲೆಗೆ ಬೆನ್ನು ಕೊಟ್ಟು 16 ಎಂಎಂ. ಬಂದ ಚಿತ್ರದಲ್ಲಿ ಅಪ್ಪನ ಸ್ಟುಡಿಯೋ ಮೊಬೈಲ್ ಶೋರೂಮಿನ ಹಾಗಿತ್ತು. ನಲವತ್ತು ವರ್ಷ ಅಪ್ಪ ಹಿಂದೆ ಸರಿಯಲು ಜಾಗ ಇಲ್ಲದೆ ಒದ್ದಾಡಿದ ಕೋಣೆ ಅದು. ಒಂದು ಬಟನ್ ಒತ್ತಿ ವಿಶಾಲ ಮಾಡಿಬಿಟ್ಟಿದ್ದೆ. ಮಾಲೀಕರಿಗೆ ಕಳಿಸಿದೆ. ಅವರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು.

ಶಟರ್ ಎಳೆಯುವ ಮುಂಚೆ ನೆಲ ನೋಡಿದೆ. ಬಾಗಿಲಿನ ಹತ್ತಿರ, ಕೆಂಪು ಗಾರೆಯಲ್ಲಿ ಮೂರು ಗುಳಿ. ಕಡಲೆಕಾಳು ಹಿಡಿಸುವಷ್ಟು. ಅಪ್ಪನ ಸ್ಟ್ಯಾಂಡಿನ ಮೂರು ಕಾಲು ಅದೇ ಜಾಗದಲ್ಲಿ ಕೂತೂ ಕೂತೂ ಆಗಿದ್ದು. ಎದುರು ಗೋಡೆಯಲ್ಲಿ ಪರದೆಯ ಬಿದಿರು ಕೋಲು ನೇತುಹಾಕುತ್ತಿದ್ದ ಎರಡು ಮೊಳೆ ಇನ್ನೂ ಇದ್ದವು. ಪರದೆ ಇದ್ದಷ್ಟು ಅಗಲಕ್ಕೆ ಗೋಡೆಯ ಬಣ್ಣ ಬೆಳ್ಳಗಿತ್ತು, ಅದರ ಸುತ್ತ ಹಳದಿ.

ಮರುದಿನ ಮತ್ತೆ ಹೋದೆ. ಅಪ್ಪನೂ ಬರುತ್ತೇನೆ ಅಂದರು. ನನ್ನ ಟ್ರೈಪಾಡಿನ ಕಾಲುಗಳನ್ನು ಆ ಮೂರು ಗುಳಿಗೇ ಕೂರಿಸಿ 50 ಎಂಎಂನಲ್ಲಿ ನೋಡಿದೆ. ನನ್ನ ಕ್ಯಾಮೆರಾದಲ್ಲಿ ಅದಕ್ಕೆ ಕಾಣುವುದು ಹೆಚ್ಚುಕಮ್ಮಿ ಅಪ್ಪನ ಲೆನ್ಸಿಗೆ ಕಾಣುವಷ್ಟೇ. ಬರೀ ಗೋಡೆ. ಪಕ್ಕದ ಗೋಡೆಗಳು ಚೌಕಟ್ಟಿನ ಒಳಗೆ ಬರಲೇ ಇಲ್ಲ. ಅಪ್ಪ ನಲವತ್ತು ವರ್ಷ ನೋಡಿದ್ದು ಅಷ್ಟನ್ನೇ, ಕೋಣೆಯನ್ನಲ್ಲ. ಕೋಣೆ ಕಾಣಬಾರದು ಅನ್ನುವುದೇ ಅವರ ಕಸುಬಾಗಿತ್ತು.

"ಸ್ವಲ್ಪ ಹಿಂದೆ ಹೋಗಬೇಕು" ಅಂದೆ.

"ಹಿಂದೆ ರೋಡಿದೆ, ಹೋಗು" ಅಂದರು ಅಪ್ಪ.

ಫುಟ್‌ಪಾತಿಗೆ ಇಳಿದೆ. 35 ಎಂಎಂ, ನಾಲ್ಕಡಿ ಎತ್ತರ. ಶಟರಿನ ಎರಡು ಕಬ್ಬಿಣದ ಪಟ್ಟಿ, ಮೆಟ್ಟಿಲು, ಕೆಂಪು ನೆಲ, ಆ ಬೆಳ್ಳನೆಯ ಚೌಕ. ಹತ್ತಡಿ ಹದಿನಾಲ್ಕಡಿ ಮಳಿಗೆ ಹತ್ತು ಹದಿನಾಲ್ಕರ ಹಾಗೇ ಕಂಡಿತು. ಅಪ್ಪ ತಮ್ಮ ಕೋಲನ್ನು ಅಡ್ಡ ಹಿಡಿದು ಫುಟ್‌ಪಾತಿನಲ್ಲಿ ಜನರನ್ನು ತಡೆಯುತ್ತಿದ್ದರು. ಒಬ್ಬ ಹುಡುಗ ಬೈದುಕೊಂಡು ರೋಡಿಗೆ ಇಳಿದು ಹೋದ. ನಾಲ್ಕು ಫೋಟೋ ತೆಗೆದೆ.

ಸ್ಕ್ರೀನಿನಲ್ಲಿ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಕ್ಯಾಮೆರಾವನ್ನು ಎದೆಯ ಹತ್ತಿರ ಹಿಡಿದು, ಬಗ್ಗಿ ನೋಡಿದರು. ಅವರಿಗೆ ಯಾವ ಕ್ಯಾಮೆರಾವನ್ನೂ ಬೇರೆ ಥರ ಹಿಡಿಯಲು ಬರಲ್ಲ.

"ಒಳಗೆ ಯಾರನ್ನಾದ್ರೂ ನಿಲ್ಲಿಸಬೇಕಿತ್ತು. ಅಂಗಡಿ ಎಷ್ಟಿದೆ ಅಂತ ಹೆಂಗೆ ಗೊತ್ತಾಗುತ್ತೆ?"

"ಯಾರಿದ್ರಪ್ಪಾ ಇಲ್ಲಿ ನಿಲ್ಲಿಸೋಕೆ?"

"ನಾನಿರ್ಲಿಲ್ವಾ."

ಚಪ್ಪಲಿ ಮೆಟ್ಟಿಲ ಮೇಲೆ ಬಿಟ್ಟು ಒಳಗೆ ಹೋದರು. ಗೋಡೆಗೆ ಒರಗಲಿಲ್ಲ, ಲೆಕ್ಕ ಹಾಕಿದ ಹಾಗೆ ಮೂರಡಿ ಮುಂದೆ ನಿಂತರು. ಅಂಗಿ ಎಳೆದುಕೊಂಡು, ಗಲ್ಲ ಸ್ವಲ್ಪ ತಗ್ಗಿಸಿ, ಮುಖವನ್ನು ಎಡಕ್ಕೆ ತಿರುಗಿಸಿದರು, ಲೈಟ್ ಇರುತ್ತಿದ್ದ ಕಡೆಗೆ. ನಾನು ಫೋಕಸ್ ಮಾಡಿದೆ. ಅಷ್ಟರಲ್ಲಿ ಒಂದು ಸೈಕಲ್ ಬಂತು, ಅದರ ಹಿಂದೆ ಹೂವಿನ ಬುಟ್ಟಿ ಹೊತ್ತ ಹೆಂಗಸು, ಅವರ ಹಿಂದೆ ಸ್ಕೂಲ್ ಬಿಟ್ಟ ಮಕ್ಕಳು. ತಡೆಯೋಕೆ ಈಗ ಯಾರೂ ಇರಲಿಲ್ಲ. ಎಲ್ಲರೂ ದಾಟಲಿ ಅಂತ ಕಾದೆ.